ಎರಡನೇ ಬೋಗಿಯ ಅಡಿಕೆ ತೋಟ

2018ರ ಸೆಪ್ಟೆಂಬರಿನಲ್ಲಿ ನಾನೂ ನನ್ನ ಹೆಂಡತಿಯೂ ಆಮ್ಸ್ಟೆಲ್‌ವೇನಿನ ಒಂದು ನೋಟಾರಿಸ್ ಕಚೇರಿಗೆ ಹೋಗಿದ್ದೆವು. ನೌಕರಿ ಬಿಟ್ಟು ಸ್ವಂತ ಕನ್ಸಲ್ಟಿಂಗ್ ಶುರು ಮಾಡುವ ಹುಚ್ಚು ನನಗೆ ಹಿಡಿದಿತ್ತು. ಅದಕ್ಕೆ ಮುಂಚೆ ಇಬ್ಬರ ವಿಲ್ ಬರೆಸಿಬಿಡೋಣ ಅಂತ ಇವಳ ಹಟ. ಹೊಸದಾಗಿ ಬಂದವರಿಗೆ ಒಂದು ಮಾತು: ನಮ್ಮ ಕಡೆ ನೋಟರಿ ಅಂದ್ರೆ ಕೋರ್ಟಿನ ಮುಂದೆ ಮರದ ಕೆಳಗೆ ಕೂತು ಸೀಲು ಒತ್ತುವವರು. ಇಲ್ಲಿನ ನೋಟಾರಿಸ್ ಹಾಗಲ್ಲ. ಮನೆ ಖರೀದಿ, ವಿಲ್, ಗಂಡ ಹೆಂಡಿರ ಆಸ್ತಿಯ ಒಪ್ಪಂದ, ಎಲ್ಲವೂ ಅವರ ಕೈಯಿಂದಲೇ ಆಗಬೇಕು.

ಆ ಹೆಂಗಸು ನಮ್ಮ ಪಾಸ್‌ಪೋರ್ಟ್ ನೋಡಿದರು, ದಾವಣಗೆರೆಯ ಮದುವೆ ಸರ್ಟಿಫಿಕೇಟು ನೋಡಿದರು, ಆಮೇಲೆ ಕೇಳಿದರು: ‘ಮದುವೆಯಾದ ಮೇಲೆ ನೀವಿಬ್ಬರೂ ಮೊದಲು ಒಟ್ಟಿಗೆ ಸಂಸಾರ ಮಾಡಿದ್ದು ಯಾವ ದೇಶದಲ್ಲಿ?’

ವಿಚಿತ್ರ ಪ್ರಶ್ನೆ ಅನ್ನಿಸಿತು. 2004ರಲ್ಲಿ ಮದುವೆ. ಬೆಂಗಳೂರಿನ ವಿಜಯನಗರದಲ್ಲಿ ಎಂಟು ತಿಂಗಳು ಬಾಡಿಗೆ ಮನೆ. 2005ರ ಮಾರ್ಚಿನಲ್ಲಿ ಇಬ್ಬರೂ ಇಲ್ಲಿಗೆ ಬಂದೆವು, ಇಲ್ಲೇ ಉಳಿದೆವು. ಇಷ್ಟು ಹೇಳಿದ್ದೇ ತಡ, ಅವರು ಒಂದು ಹಾಳೆ ತಗೊಂಡು ರೈಲು ಬರೆಯತೊಡಗಿದರು. ನಿಜವಾಗಿ ರೈಲೇ, ಗಾಲಿ ಸಮೇತ. ಮೊದಲ ಬೋಗಿಯ ಮೇಲೆ 2004ರಿಂದ 2015, ಎರಡನೆಯದರ ಮೇಲೆ 2015ರಿಂದ ಇಲ್ಲಿಯವರೆಗೆ. ಮೊದಲ ಬೋಗಿಯಲ್ಲಿರುವುದಕ್ಕೆಲ್ಲ ಭಾರತದ ಕಾನೂನು, ಅಲ್ಲಿ ಅವರವರದ್ದು ಅವರವರದ್ದು. ಹತ್ತು ವರ್ಷ ಇಲ್ಲಿ ವಾಸ ಮಾಡಿದ ಮೇಲೆ ಎರಡನೇ ಬೋಗಿ ತಾನಾಗಿಯೇ ಸೇರಿಕೊಂಡಿದೆ. ಅದರೊಳಗೆ ಬಂದದ್ದಕ್ಕೆಲ್ಲ ಡಚ್ ಕಾನೂನು, ಅಲ್ಲಿ ಎಲ್ಲವೂ ಇಬ್ಬರದ್ದು, ಸಾಲವೂ ಸೇರಿ. ಇಲ್ಲಿನ ವಕೀಲರು ಇದನ್ನು ವಾಗೊನ್‌ಸ್ಟೆಲ್ಸೆಲ್ ಅಂತಾರೆ, ಬೋಗಿ ಪದ್ಧತಿ ಅಂತ ಅರ್ಥ.

ನಾವು ಯಾವ ಕಾಗದಕ್ಕೂ ಸಹಿ ಮಾಡಿರಲಿಲ್ಲ. 2015ರ ಮಾರ್ಚಿನ ಯಾವುದೋ ಒಂದು ರಾತ್ರಿ, ನಾವು ಮಲಗಿದ್ದಾಗ, ನಮ್ಮ ಮದುವೆಯ ಕಾನೂನು ಬದಲಾಗಿತ್ತು.

ನಗು ಬಂತು ಮೊದಲು. 2011ರಲ್ಲಿ ಕೊಂಡ ಮನೆ ಮೊದಲ ಬೋಗಿಯಲ್ಲಿತ್ತು, ಅದು ಹೇಗೂ ಜಂಟಿ ಹೆಸರಿನಲ್ಲೇ ಇತ್ತು. ಮದುವೆಯಲ್ಲಿ ಇವಳಿಗೆ ಹಾಕಿದ ಚಿನ್ನ ಮೊದಲ ಬೋಗಿ, ಇವಳದ್ದೇ. ‘2016ರಲ್ಲಿ ನನ್ನ ಸಂಬಳದಲ್ಲಿ ತಗೊಂಡ ಬಳೆ?’ ಅಂತ ಕೇಳಿದಳು. ಎರಡನೇ ಬೋಗಿ, ಇಬ್ಬರದ್ದು. ನಾನು ಕೈ ಚಾಚಿ ಬಳೆ ಕೇಳಿದ್ದಕ್ಕೆ ನೋಟಾರಿಸ್ ಕೂಡ ನಕ್ಕರು.

ನಗು ನಿಂತದ್ದು ಮಾವನವರ ತೋಟದ ವಿಷಯ ಬಂದಾಗ. ಅವರು 2017ರಲ್ಲಿ ತೀರಿಕೊಂಡರು. ಚನ್ನಗಿರಿ ಹತ್ತಿರದ ಅಡಿಕೆ ತೋಟದಲ್ಲಿ ಇವಳಿಗೆ ಒಂದು ಪಾಲು. 2018ಕ್ಕೆ ಮುಂಚೆ ಹುಟ್ಟಿದ ಡಚ್ ಜಂಟಿ ಆಸ್ತಿಯಲ್ಲಿ ಪಿತ್ರಾರ್ಜಿತವೂ ಸೇರುತ್ತದೆ. ಕೊಟ್ಟವರು ‘ಅಳಿಯನಿಗೆ ಬೇಡ’ ಅಂತ ವಿಲ್‌ನಲ್ಲಿ ಬರೆದಿದ್ದರೆ ಮಾತ್ರ ಇಲ್ಲ. ಮಾವನವರು ವಿಲ್ಲೇ ಬರೆದಿರಲಿಲ್ಲ. ಅಂದ್ರೆ ಡಚ್ ಕಣ್ಣಿಗೆ ಆ ಪಾಲಿನಲ್ಲಿ ಅರ್ಧ ನನ್ನದು. ನಾಳೆ ನನ್ನ ಹೊಸ ವ್ಯಾಪಾರ ಮುಳುಗಿದರೆ ಸಾಲ ಕೊಟ್ಟವರ ಲೆಕ್ಕದಲ್ಲಿ ಅದೂ ಬರುತ್ತದೆ.

‘ನಮ್ಮಪ್ಪ ಯಾವಾಗ ರೀ ನಿಮಗೆ ತೋಟ ಬರೆದುಕೊಟ್ಟಿದ್ದು?’ ಅಂದಳು. ನನಗೆ ಉತ್ತರ ಇರಲಿಲ್ಲ. ಅವಳ ಅಣ್ಣನಿಗೆ ಫೋನಿನಲ್ಲಿ ಇದನ್ನು ಹೇಗೆ ಹೇಳುವುದು ಅನ್ನುವ ಚಿಂತೆ ಇಬ್ಬರಿಗೂ ಹತ್ತಿಕೊಂಡಿತು. ಊರಲ್ಲಿ ಇಂಥ ಮಾತು ಕಾನೂನಾಗಿ ಕೇಳಿಸುವುದಿಲ್ಲ, ದುರಾಸೆಯಾಗಿ ಕೇಳಿಸುತ್ತದೆ.

ಆ ಸಂಜೆಯಿಂದ ನಾನು ಈ ವಿಷಯ ಓದತೊಡಗಿದೆ. ನಾನು ವಕೀಲನಲ್ಲ, ಸಾಫ್ಟ್‌ವೇರಿನವನು. ಆದರೆ ‘ಯಾವ ನಾಡಿನ ಕಾನೂನು’ ಅನ್ನುವ ಪ್ರಶ್ನೆಗೆ ಜಗತ್ತಿನ ಬಹುಪಾಲು ಕೋರ್ಟುಗಳು ಕೊಡುವ ಉತ್ತರದ ಒಂದು ಬೇರು ನಾವು ಕೂತಿರುವ ಈ ದೇಶದಲ್ಲೇ ಇದೆ ಅಂತ ಗೊತ್ತಾದ ಮೇಲೆ ಬಿಡಲಾಗಲಿಲ್ಲ.

ಮೊದಲು ಒಂದು ಗೊಂದಲ ತೆಗೆದುಬಿಡುತ್ತೇನೆ, ನನಗೇ ಇದ್ದದ್ದು. ಯಾವ ಕೋರ್ಟು ಎಂಬುದು ಒಂದು ಪ್ರಶ್ನೆ, ಯಾವ ಕಾನೂನು ಎಂಬುದು ಬೇರೆಯೇ ಪ್ರಶ್ನೆ. ನಮ್ಮ ಜಗಳ ಹಾರ್ಲೆಮ್ಮಿನ ಕೋರ್ಟಿಗೆ ಹೋದರೂ ಅಲ್ಲಿನ ನ್ಯಾಯಾಧೀಶರು ಮೊದಲ ಬೋಗಿಯ ಮಟ್ಟಿಗೆ ಭಾರತದ ಕಾನೂನನ್ನೇ ತೆಗೆದು ನೋಡಬೇಕು. ತನ್ನ ನಾಡಿನ ಪೀಠದ ಮೇಲೆ ಕೂತು ಪರನಾಡಿನ ಕಾನೂನಿನಂತೆ ತೀರ್ಪು ಕೊಡುವುದು ಅಂದ್ರೆ ಸಣ್ಣ ವಿಷಯವಲ್ಲ. ಯಾಕೆ ಕೊಡಬೇಕು? ರಾಜನ ಮಾತು ಗಡಿಯಾಚೆ ನಡೆಯುವುದಿಲ್ಲ ಅಂದಮೇಲೆ ಅವನ ಕಾನೂನು ಯಾಕೆ ನಡೆಯಬೇಕು?

ಈ ‘ಯಾಕೆ’ಯನ್ನು ಐದಾರು ಪುಟದಲ್ಲಿ ಬಿಡಿಸಿದವನು ಉಲ್ರಿಕ್ ಹ್ಯೂಬರ್. 1636ರಲ್ಲಿ ಫ್ರೀಸ್‌ಲ್ಯಾಂಡಿನ ಡೊಕ್ಕುಮ್‌ನಲ್ಲಿ ಹುಟ್ಟಿದವನು, ಫ್ರಾನೇಕರಿನ ವಿಶ್ವವಿದ್ಯಾಲಯದಲ್ಲಿ ಕಾನೂನಿನ ಮೇಷ್ಟ್ರು, ನಡುವೆ ಕೆಲವು ವರ್ಷ ಲೇವಾರ್ಡೆನ್ನಿನ ಕೋರ್ಟಿನಲ್ಲಿ ನ್ಯಾಯಾಧೀಶ. ಆಗಿನ ಡಚ್ ಗಣರಾಜ್ಯ ಅಂದ್ರೆ ಏಳು ಪ್ರಾಂತ್ಯಗಳ ಒಕ್ಕೂಟ, ಒಂದೊಂದಕ್ಕೂ ಅದರದೇ ಕಾನೂನು. ಹಾಲೆಂಡ್ ಅನ್ನುವುದು ಆ ಏಳರಲ್ಲಿ ಒಂದು ಮಾತ್ರ. (ನಾವು ಇಡೀ ದೇಶವನ್ನು ಹಾಲೆಂಡ್ ಅಂದಾಗ ಫ್ರೀಸ್‌ಲ್ಯಾಂಡಿನ ನನ್ನ ಸಹೋದ್ಯೋಗಿ ಇಂದಿಗೂ ಮುಖ ಗಂಟಿಕ್ಕುತ್ತಾನೆ.) ಕಾಲುವೆಯಲ್ಲಿ ಕುದುರೆ ಎಳೆಯುವ ದೋಣಿ ಹತ್ತಿದರೆ ಊರಿಂದೂರಿಗೆ ಹೊತ್ತು ತಪ್ಪದೆ ಹೋಗಬಹುದಾದ ಕಾಲ ಅದು. ಸರಕು ಓಡಾಡುತ್ತಿತ್ತು, ಸಾಲಪತ್ರ ಓಡಾಡುತ್ತಿತ್ತು, ಮದುಮಕ್ಕಳು ಓಡಾಡುತ್ತಿದ್ದರು. ಕಾನೂನು ಮಾತ್ರ ಗಡಿಯಲ್ಲಿ ನಿಂತುಬಿಡುತ್ತಿತ್ತು.

1689ರಲ್ಲಿ, ರೋಮನ್ ಕಾನೂನಿನ ಮೇಲಿನ ತನ್ನ ದೊಡ್ಡ ಪಾಠಸಂಕಲನದ ನಡುವೆ, ಹ್ಯೂಬರ್ ಈ ಚಿಕ್ಕ ಅಧ್ಯಾಯ ಸೇರಿಸಿದ. ಅವನು ಹೇಳಿದ್ದು ಮೂರೇ ಸಂಗತಿ. ಒಂದು ರಾಜ್ಯದ ಕಾನೂನು ಆ ರಾಜ್ಯದ ಗಡಿಯೊಳಗೆ ಮಾತ್ರ. ಆ ಗಡಿಯೊಳಗೆ ಯಾರಿದ್ದರೂ, ಎರಡು ದಿನಕ್ಕೆ ಬಂದವರಾದರೂ, ಅದಕ್ಕೆ ಒಳಪಟ್ಟವರು. ಮೂರನೆಯದೇ ತಿರುಳು: ಒಂದು ನಾಡಿನಲ್ಲಿ ಸರಿಯಾಗಿ ಹುಟ್ಟಿದ ಹಕ್ಕನ್ನು ಬೇರೆ ನಾಡುಗಳೂ ಸೌಜನ್ಯದಿಂದ ಗೌರವಿಸುತ್ತವೆ, ತಮಗೋ ತಮ್ಮ ಪ್ರಜೆಗಳಿಗೋ ಅದರಿಂದ ಕೇಡಾಗದಿದ್ದರೆ. ಇದಕ್ಕೆ ಅವನು ಬಳಸಿದ ಲ್ಯಾಟಿನ್ ಪದ ಕೋಮಿತಾಸ್. ಸೌಜನ್ಯ ಅಂದರೆ ಬರೀ ನಮಸ್ಕಾರ ಚಮತ್ಕಾರ ಅಂದುಕೊಳ್ಳಬೇಡಿ. ಇಲ್ಲಿ ಮಾಡಿದ ವ್ಯವಹಾರ ಪಕ್ಕದ ಪ್ರಾಂತ್ಯದಲ್ಲಿ ಬಿದ್ದುಹೋಗುವುದಾದರೆ ಯಾರೂ ವ್ಯಾಪಾರ ಮಾಡಲಾರರು. ಆ ಅಗತ್ಯಕ್ಕೆ ಅವನು ಕೊಟ್ಟ ಮರ್ಯಾದೆಯ ಹೆಸರು ಅದು.

ಆ ಸೌಜನ್ಯಕ್ಕೂ ಮಿತಿ ಇತ್ತು. ಪೋಷಕರ ಒಪ್ಪಿಗೆಯಿಲ್ಲದೆ ಫ್ರೀಸ್‌ಲ್ಯಾಂಡಿನಲ್ಲಿ ಮದುವೆಯಾಗಲಾರದ ಹುಡುಗ ಹುಡುಗಿಯರು ಗಡಿ ದಾಟಿ, ಒಪ್ಪಿಗೆ ಕೇಳದ ಪೂರ್ವ ಫ್ರೀಸ್‌ಲ್ಯಾಂಡಿಗೆ ಹೋಗಿ, ತಾಳಿ ಕಟ್ಟಿಸಿಕೊಂಡಂತೆ ಮಾಡಿ ತಕ್ಷಣ ಮನೆಗೆ ಮರಳುತ್ತಿದ್ದರಂತೆ. ಹ್ಯೂಬರ್ ಇದಕ್ಕೆ ಒಪ್ಪುವುದಿಲ್ಲ. ಇದು ನಮ್ಮ ಕಾನೂನಿಗೆ ಬಗೆದ ಮೋಸ, ಇದನ್ನು ನಮ್ಮ ಅಧಿಕಾರಿಗಳು ಮಾನ್ಯ ಮಾಡಬೇಕಾಗಿಲ್ಲ ಅನ್ನುತ್ತಾನೆ. ಓಡಿಹೋಗಿ ಮದುವೆಯಾಗುವ ವಿಷಯದಲ್ಲಿ ಫ್ರಾನೇಕರಿನ ಮೇಷ್ಟ್ರೂ ನಮ್ಮೂರ ಹಿರಿಯರೂ ಒಂದೇ.

ಆದರೆ ನಾನು ಕುರ್ಚಿಯಿಂದ ಎದ್ದು ನಿಂತದ್ದು ಅದೇ ಅಧ್ಯಾಯದ ಇನ್ನೊಂದು ಉದಾಹರಣೆ ಓದಿ. ಹಾಲೆಂಡಿನಲ್ಲಿ ಗಂಡ ಹೆಂಡಿರ ಆಸ್ತಿಯೆಲ್ಲ ಜಂಟಿ, ಬೇರೆ ಒಪ್ಪಂದ ಇಲ್ಲದಿದ್ದರೆ. ಫ್ರೀಸ್‌ಲ್ಯಾಂಡಿನಲ್ಲಿ ಮದುವೆಯಾದ ಮೇಲಿನ ಲಾಭ ನಷ್ಟ ಮಾತ್ರ ಜಂಟಿ, ಮೂಲ ಆಸ್ತಿ ಅವರವರದ್ದು. ಈಗ ಹಾಲೆಂಡಿನ ದಂಪತಿ ಫ್ರೀಸ್‌ಲ್ಯಾಂಡಿಗೆ ವಾಸ ಬದಲಿಸಿದರೆ? ಅಲ್ಲಿಂದ ಮುಂದೆ ಇಬ್ಬರಲ್ಲಿ ಒಬ್ಬರಿಗೆ ಬರುವುದು ಅವರೊಬ್ಬರದೇ. ಅದಕ್ಕೆ ಮುಂಚೆ ಜಂಟಿಯಾದದ್ದು ಜಂಟಿಯಾಗಿಯೇ ಉಳಿಯುತ್ತದೆ. ಅದೇ ರೈಲು, ಅದೇ ಎರಡು ಬೋಗಿ! ರೈಲು ಹುಟ್ಟುವ ನೂರಕ್ಕೂ ಹೆಚ್ಚು ವರ್ಷ ಮೊದಲೇ ಆ ಮನುಷ್ಯ ಅದನ್ನು ಬರೆದಿಟ್ಟಿದ್ದ. ನಮ್ಮ ಬೋಗಿಗಳು ತಿರುಗುಮುರುಗಾಗಿದ್ದವು ಅಷ್ಟೇ, ಬೇರೆ ಬೇರೆ ಎಂಬುದರಿಂದ ಜಂಟಿಗೆ.

ಹೀಗೆ ಪಕ್ಕಪಕ್ಕದ ನಾಡುಗಳಲ್ಲಿ ಬೇರೆಬೇರೆ ಮದುವೆ ಕಾನೂನು ಇರುವುದು ನಮಗೇನೂ ಹೊಸದಲ್ಲ, ಮರೆತಿದ್ದೇವೆ ಅಷ್ಟೇ. 1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಮಹಿಳೆಯರ ಹಕ್ಕಿನ ಕಾಯಿದೆ ತಂದಿತು. ಅವಿಭಕ್ತ ಕುಟುಂಬದ ಆಸ್ತಿ ಪಾಲಾಗುವಾಗ ತಾಯಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ, ಕೆಲವು ವಿಧವೆಯರಿಗೆ ಪಾಲು ಸಿಗುವಂತಾಯಿತು. ನಮ್ಮ ದಾವಣಗೆರೆ, ಹರಿಹರ ಮೈಸೂರಿನಲ್ಲಿದ್ದವು. ಹರಿಹರದಲ್ಲಿ ತುಂಗಭದ್ರೆ ದಾಟಿ ರಾಣೆಬೆನ್ನೂರಿನ ಕಡೆ ಹೋದರೆ ಮುಂಬಯಿ ಪ್ರಾಂತ್ಯ, ಬಳ್ಳಾರಿಯ ಕಡೆ ತಿರುಗಿದರೆ ಮದರಾಸು ಪ್ರಾಂತ್ಯ. ಅಲ್ಲಿ ಆ ಕಾಯಿದೆ ಇಲ್ಲ. ಒಂದೇ ಭಾಷೆ, ಒಂದೇ ಜಾತ್ರೆ, ಹೊಳೆಯ ಎರಡೂ ದಡದಲ್ಲಿ ನೆಂಟರು. ಹೆಣ್ಣುಮಗಳಿಗೆ ಏನು ಸಿಗುತ್ತದೆ ಎಂಬುದು ಮಾತ್ರ ಸೇತುವೆಯ ಯಾವ ಕಡೆ ಎಂಬುದರ ಮೇಲೆ.

ಬೆಂಗಳೂರಿನ ಕಥೆ ಇನ್ನೂ ವಿಚಿತ್ರ. ಪೇಟೆ ಮೈಸೂರು ಮಹಾರಾಜರದ್ದು, ದಂಡು ಬ್ರಿಟಿಷರ ಆಡಳಿತದ್ದು, 1947ರಲ್ಲಿ ಮೈಸೂರಿಗೆ ಮರಳುವವರೆಗೆ. ಅಲ್ಲಿನ ಒಬ್ಬ ದೊಡ್ಡ ಗುತ್ತಿಗೆದಾರರು ವಿಲ್ ಬರೆದು 1942ರಲ್ಲಿ ತೀರಿಕೊಂಡರು. ಆಸ್ತಿ ಮೈಸೂರು ಸೀಮೆಯಲ್ಲೂ ಇತ್ತು, ಮದರಾಸಿನಲ್ಲೂ ಇತ್ತು. ಇದು ಅವಿಭಕ್ತ ಕುಟುಂಬದ ಆಸ್ತಿ, ಅಪ್ಪ ವಿಲ್ ಬರೆಯುವಂತಿರಲಿಲ್ಲ ಅಂತ ಮಕ್ಕಳು ಎರಡೂ ಕಡೆ ದಾವೆ ಹಾಕಿದರು. ಮೈಸೂರಿನ ಹೈಕೋರ್ಟು ಮಕ್ಕಳ ವಿರುದ್ಧ ತೀರ್ಪು ಕೊಟ್ಟಿತು. ಆ ತೀರ್ಪು ಮದರಾಸಿನ ಆಸ್ತಿಯನ್ನೂ ಕಟ್ಟಿಹಾಕುತ್ತದೆಯೇ? ತೀರ್ಪು ಬಂದ ಕಾಲಕ್ಕೆ ಮದರಾಸಿನ ಮಟ್ಟಿಗೆ ಮೈಸೂರಿನ ಕೋರ್ಟು ಪರದೇಶದ ಕೋರ್ಟು! ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ 1962ರಲ್ಲಿ ತೀರ್ಮಾನವಾಯಿತು. ವಿಶ್ವನಾಥನ್ ವಿರುದ್ಧ ರುಕ್ನುಲ್ ಮುಲ್ಕ್ ಅಬ್ದುಲ್ ವಾಜಿದ್ ಅಂತ ಅದರ ಹೆಸರು. ಭಾರತದ ಕಾನೂನು ವಿದ್ಯಾರ್ಥಿಗಳು ಪರದೇಶದ ತೀರ್ಪುಗಳ ಬಗ್ಗೆ ಓದುವಾಗ ಇಂದಿಗೂ ಅದನ್ನು ಓದುತ್ತಾರೆ. ಮದರಾಸಿನ ನೆಲದ ಮೇಲಿನ ಹಕ್ಕನ್ನು ಮೈಸೂರಿನ ಕೋರ್ಟು ತೀರ್ಮಾನಿಸಲಾರದು ಅಂದಿತು ಸುಪ್ರೀಂ ಕೋರ್ಟು.

ನೆಲಕ್ಕೆ ನೆಲದ ಕಾನೂನು ಅನ್ನುವ ಈ ನಂಬಿಕೆ ನಮಗೆ ಇಂಗ್ಲಿಷರಿಂದ ಬಂದದ್ದು. ತಮಾಷೆ ಏನಂದ್ರೆ ಇಂಗ್ಲಿಷರು ಈ ಶಾಸ್ತ್ರದ ಪಾಠ ಕಲಿತದ್ದು ಬಹಳಮಟ್ಟಿಗೆ ಹ್ಯೂಬರನಿಂದ. 1775ರಲ್ಲಿ ಲಂಡನ್ನಿನ ಮುಖ್ಯ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್, ಡಂಕರ್ಕಿನಲ್ಲಿ ಮಾರಿದ ಚಹಾದ ಹಣದ ಮೊಕದ್ದಮೆಯಲ್ಲಿ, ಹ್ಯೂಬರನ ಹೆಸರು ಹೇಳಿಯೇ ತೀರ್ಪು ಕೊಟ್ಟ. ಕೊಂಡವನು ಅದನ್ನು ಇಂಗ್ಲೆಂಡಿಗೆ ಕಳ್ಳಸಾಗಣೆ ಮಾಡುತ್ತಾನೆಂದು ಮಾರಿದವನಿಗೆ ಗೊತ್ತಿತ್ತು. ಆದರೂ ವ್ಯಾಪಾರ ಮುಗಿದದ್ದು ಫ್ರಾನ್ಸಿನ ನೆಲದಲ್ಲಿ, ಅಲ್ಲಿ ಅದು ತಪ್ಪಲ್ಲ, ಹಾಗಾಗಿ ದುಡ್ಡು ಕೊಡಲೇಬೇಕು. 1834ರಲ್ಲಿ ಅಮೆರಿಕದ ನ್ಯಾಯಾಧೀಶ ಜೋಸೆಫ್ ಸ್ಟೋರಿ ಬರೆದ ಪುಸ್ತಕಕ್ಕೂ ಹ್ಯೂಬರನೇ ತಳಪಾಯ. ಆದರೆ ಮದುವೆಯ ಕಾನೂನು ಬೇರೆ ಪ್ರಾಂತ್ಯದ ಆಸ್ತಿಗೂ ಹಿಂಬಾಲಿಸಿ ಹೋಗುತ್ತದೆ ಅಂತ ಹ್ಯೂಬರ್ ಹೇಳಿದ್ದನ್ನು ಮಾತ್ರ ಇಂಗ್ಲಿಷರು ನೆಲದ ವಿಷಯದಲ್ಲಿ ಪಕ್ಕಕ್ಕಿಟ್ಟರು. ಆದ್ದರಿಂದ ಇವತ್ತು ಚನ್ನಗಿರಿಯ ತೋಟವನ್ನು ಇಲ್ಲಿನ ಕೋರ್ಟು ಡಚ್ ಮದುವೆಯ ಕಣ್ಣಿನಿಂದ ನೋಡುತ್ತದೆ, ಊರಿನ ಕೋರ್ಟು ಊರಿನ ಕಣ್ಣಿನಿಂದ. ಒಂದೇ ತೋಟ, ಎರಡು ಉತ್ತರ.

ಹಾಗಾದರೆ ವಾಸದ ಊರಿನ ಕಾನೂನು ಎಂಬ ಹ್ಯೂಬರನ ಎಣಿಕೆ ಇಲ್ಲಿ ಹಾಗೇ ನಡೆದುಕೊಂಡು ಬಂತೇ ಅಂದರೆ ಇಲ್ಲ. ಹತ್ತೊಂಬತ್ತನೇ ಶತಮಾನದ ಯುರೋಪು ರಾಷ್ಟ್ರೀಯತೆಯ ಅಮಲಿನಲ್ಲಿತ್ತು. ಮನುಷ್ಯ ಎಲ್ಲಿದ್ದರೂ ಅವನ ಮದುವೆ, ಮಕ್ಕಳು, ಆಸ್ತಿಗೆ ಅವನ ರಾಷ್ಟ್ರದ ಕಾನೂನೇ ಎಂಬುದು ಆಗಿನ ನಂಬಿಕೆ. ಆಮ್ಸ್ಟರ್‌ಡ್ಯಾಮಿನ ತೊಬಿಯಾಸ್ ಆಸರ್ ಎಂಬ ಕಾನೂನು ಪಂಡಿತ 1893ರ ಸೆಪ್ಟೆಂಬರಿನಲ್ಲಿ ಹದಿಮೂರು ದೇಶಗಳನ್ನು ಹೇಗ್ ನಗರದಲ್ಲಿ ಕೂಡಿಸಿದ, ಎಲ್ಲರೂ ಒಂದೇ ನಿಯಮಕ್ಕೆ ಬರಲಿ ಅಂತ. ಎಲ್ಲವೂ ಯುರೋಪಿನವೇ; ಏಷ್ಯಾದಿಂದ ಜಪಾನ್ ಬಂದದ್ದು 1904ರಲ್ಲಿ. ಆ ಸಮ್ಮೇಳನ ಇಂದಿಗೂ ಕಾಯಂ ಸಂಸ್ಥೆಯಾಗಿ ಅಲ್ಲೇ ಇದೆ. ನಮ್ಮ ಸರ್ಟಿಫಿಕೇಟುಗಳಿಗೆ ಹಾಕಿಸುವ ಅಪೊಸ್ಟಿಲ್ ಮುದ್ರೆ ಅದರದೇ ಕೂಸು. ಭಾರತ ಅದರ ಸದಸ್ಯನಾದದ್ದು 2008ರಲ್ಲಿ. ಆಸರ್‌ಗೆ 1911ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಆಸರ್‌ನ ಕಾಲದ ಒಪ್ಪಂದಗಳು ಪಾಸ್‌ಪೋರ್ಟನ್ನು ನಂಬಿದವು. 1905ರ ಒಪ್ಪಂದದಲ್ಲಂತೂ ಗಂಡನ ಪಾಸ್‌ಪೋರ್ಟು: ದಂಪತಿಯ ಆಸ್ತಿಗೆ ಮದುವೆಯ ಹೊತ್ತಿನಲ್ಲಿ ಗಂಡ ಯಾವ ದೇಶದವನೋ ಆ ದೇಶದ ಕಾನೂನು. ಹೆಂಡತಿಯನ್ನು ಯಾರೂ ಕೇಳಲಿಲ್ಲ.

ಈ ನಂಬಿಕೆಗೆ ಪೆಟ್ಟು ಬಿದ್ದದ್ದೂ ಹೇಗ್‌ನಲ್ಲೇ, ಶಾಂತಿ ಅರಮನೆಯಲ್ಲಿ. 1958ರ ಬೋಲ್ ಪ್ರಕರಣ. ಸ್ವೀಡನ್ನಿನಲ್ಲಿ ಹುಟ್ಟಿ ಅಲ್ಲೇ ಬೆಳೆಯುತ್ತಿದ್ದ ಒಂದು ಪುಟ್ಟ ಹುಡುಗಿ. ಅಪ್ಪ ಡಚ್ಚಿನವನು, ಹಾಗಾಗಿ ಮಗುವೂ ಡಚ್ ಪ್ರಜೆ. ತಾಯಿ ತೀರಿಕೊಂಡಳು. ಸ್ವೀಡನ್ನಿನ ಮಕ್ಕಳ ರಕ್ಷಣಾ ಇಲಾಖೆ ಮಗುವನ್ನು ತನ್ನ ಸುಪರ್ದಿಗೆ ತಗೊಂಡಿತು. ಡಚ್ ಕೋರ್ಟು ಇಲ್ಲಿ ಒಬ್ಬ ಪೋಷಕರನ್ನು ನೇಮಿಸಿತು. 1902ರ ಒಪ್ಪಂದದ ಪ್ರಕಾರ ಮಗುವಿನ ರಾಷ್ಟ್ರದ ಕಾನೂನೇ ನಡೆಯಬೇಕು, ಮಗುವನ್ನು ಕೊಡಿ ಅಂತ ನೆದರ್ಲ್ಯಾಂಡ್ಸ್ ಸರ್ಕಾರ ಸ್ವೀಡನ್ ಸರ್ಕಾರದ ಮೇಲೆ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೇ ಹೋಯಿತು. ಒಂದು ಮಗುವಿಗಾಗಿ ಎರಡು ದೇಶ! ಹನ್ನೆರಡು ನ್ಯಾಯಾಧೀಶರು ಸ್ವೀಡನ್ ಪರ, ನಾಲ್ವರು ವಿರುದ್ಧ. ಪೋಷಕರು ಯಾರು ಎಂಬುದನ್ನು ರಾಷ್ಟ್ರದ ಕಾನೂನು ಹೇಳಲಿ, ಕಣ್ಣೆದುರಿನ ಮಗುವನ್ನು ಕಾಪಾಡುವ ಕೆಲಸಕ್ಕೆ ಅದು ಅಡ್ಡಬರುವಂತಿಲ್ಲ ಎಂಬುದು ತೀರ್ಪಿನ ಸಾರ. ತಮ್ಮ ಊರಿನಲ್ಲೇ ಕೂತ ಕೋರ್ಟಿನಲ್ಲಿ ಡಚ್ಚರು ಸೋತರು. 1961ರಲ್ಲಿ ಮಕ್ಕಳ ರಕ್ಷಣೆಗೆ ಹೊಸ ಒಪ್ಪಂದ ಬಂದಾಗ ಮೊದಲ ಅಧಿಕಾರ ಮಗು ವಾಸಿಸುವ ದೇಶಕ್ಕೆ ಸಿಕ್ಕಿತು.

ಗಂಡನ ಪಾಸ್‌ಪೋರ್ಟಿನ ಸರದಿ ಬಂದದ್ದು 1976ರಲ್ಲಿ. ಆ ಡಿಸೆಂಬರಿನಲ್ಲಿ ಇಲ್ಲಿನ ಅತ್ಯುನ್ನತ ನ್ಯಾಯಾಲಯ ಆ ಹಳೆಯ ದಾರಿ ಬಿಟ್ಟು, ಇಬ್ಬರಿಗೂ ಸಮಾನವಾದ ಮೆಟ್ಟಿಲುಗಳನ್ನು ಹಾಕಿಕೊಟ್ಟಿತು: ದಂಪತಿಯೇ ಆರಿಸಿಕೊಂಡ ಕಾನೂನು, ಅದಿಲ್ಲದಿದ್ದರೆ ಇಬ್ಬರದ್ದೂ ಒಂದೇ ಆದ ರಾಷ್ಟ್ರೀಯತೆ, ಅದೂ ಇಲ್ಲದಿದ್ದರೆ ಮೊದಲ ಸಂಸಾರದ ಊರು. ಎರಡು ವರ್ಷಕ್ಕೆ, 1978ರಲ್ಲಿ, ಹೇಗ್‌ನಲ್ಲಿ ಹೊಸ ಒಪ್ಪಂದ ಸಿದ್ಧವಾಯಿತು. ಅದು ಜಾರಿಗೆ ಬರಲು 1992ರ ಸೆಪ್ಟೆಂಬರ್ 1ರವರೆಗೆ ಕಾಯಬೇಕಾಯಿತು, ಅದೂ ಮೂರೇ ದೇಶಗಳಲ್ಲಿ: ನೆದರ್ಲ್ಯಾಂಡ್ಸ್, ಫ್ರಾನ್ಸ್, ಲಕ್ಸೆಂಬರ್ಗ್. ಅದರಲ್ಲೇ ನಮ್ಮ ನೋಟಾರಿಸ್‌ರ ರೈಲು ಇದ್ದದ್ದು. ಮೊದಲ ಸಂಸಾರ ಹೂಡಿದ ದೇಶದ ಕಾನೂನು ಮೊದಲ ಬೋಗಿ, ಹತ್ತು ವರ್ಷ ಬೇರೆ ದೇಶದಲ್ಲಿ ನೆಲೆಸಿದರೆ ಮುಂದಿನದಕ್ಕೆ ಎರಡನೇ ಬೋಗಿ.

ನನಗೆ ಈ ನಿಯಮದ ಉದ್ದೇಶ ಅರ್ಥವಾಗುತ್ತದೆ. ಹತ್ತು ವರ್ಷ ಇದ್ದವನು ಇಲ್ಲಿಯವನೇ ಎಂದು ಒಪ್ಪಿಕೊಳ್ಳುವ ಮನಸ್ಸು ಅದರಲ್ಲಿದೆ; ನಮ್ಮನ್ನು ಎಂದೆಂದಿಗೂ ಪರದೇಶಿ ಎಂದು ಬದಿಗಿಡುವುದಕ್ಕಿಂತ ಅದು ವಾಸಿ. ಆದರೆ ಹೇಳದೆ ಕೇಳದೆ ಬದಲಾಯಿಸುವುದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ. ಯುರೋಪಿನವರಿಗೂ ಹಾಗೇ ಅನ್ನಿಸಿರಬೇಕು. 2019ರ ಜನವರಿ 29ರಿಂದ ಮದುವೆಯಾದವರಿಗೆ ಯುರೋಪಿನ ಹೊಸ ನಿಯಮ, ಅದರಲ್ಲಿ ಈ ತಾನಾಗಿ ಬದಲಾಗುವ ಆಟ ಇಲ್ಲ. ಮದುವೆಯಾದ ಮೇಲೆ ಇಬ್ಬರೂ ಮೊದಲು ನೆಲೆಸಿದ ದೇಶದ ಕಾನೂನೇ ಉದ್ದಕ್ಕೂ, ತಾವೇ ಬೇರೆ ಆರಿಸಿಕೊಳ್ಳದಿದ್ದರೆ. 1992 ಮತ್ತು 2019ರ ನಡುವೆ ಮದುವೆಯಾದ ನಮ್ಮಂಥವರಿಗೆ ಹಳೆಯದೇ.

ನಮ್ಮ ಕೂಟದ ಹುಡುಗರಿಗೆ ಇದರಲ್ಲಿ ಒಂದು ಸೂಕ್ಷ್ಮ ಇದೆ. ಮೂರು ವಾರ ರಜೆ ಹಾಕಿ, ಹುಬ್ಬಳ್ಳಿಯಲ್ಲೋ ಹಾಸನದಲ್ಲೋ ಮದುವೆಯಾಗಿ, ಹುಡುಗಿಯ ವೀಸಾ ಬಂದ ಮೇಲೆ ಇಲ್ಲಿಗೇ ಕರೆತರುವವರು. ಅತ್ತೆಮನೆಯಲ್ಲಿ ಉಂಡ ನಾಲ್ಕು ಹಬ್ಬದೂಟ ‘ನೆಲೆಸಿದ್ದು’ ಆಗುವುದು ಕಷ್ಟ. ಮೊದಲ ಸಂಸಾರ ಇಲ್ಲೇ ಅಂತಾದರೆ ಮೊದಲ ದಿನದಿಂದಲೇ ಡಚ್ ಕಾನೂನು. 2018ರ ಜನವರಿ 1ರ ನಂತರದ ಮದುವೆಗೆ ಅದು ಅಷ್ಟು ಕಟ್ಟುನಿಟ್ಟಿಲ್ಲ: ಮದುವೆಗೆ ಮುಂಚೆ ಒಬ್ಬರದೇ ಆಗಿದ್ದದ್ದು, ತವರಿನಿಂದ ಬಂದದ್ದು ಅವರದೇ, ಮದುವೆಯ ನಂತರ ದುಡಿದದ್ದು ಇಬ್ಬರದ್ದು. ಹ್ಯೂಬರನ ಫ್ರೀಸ್‌ಲ್ಯಾಂಡಿನ ನೆನಪಾಗುವಂತಿದೆ. ಕಾರವಾರದವರಿಗೆ ಜಂಟಿ ಆಸ್ತಿ ಎಂಬುದು ಅಪರಿಚಿತವಲ್ಲ: ಗಡಿಯಾಚೆಯ ಗೋವಾದಲ್ಲಿ ಪೋರ್ಚುಗೀಸರ ಕಾಲದ ಸಂಹಿತೆಯಿಂದಾಗಿ ಇಂದಿಗೂ ಒಪ್ಪಂದವಿಲ್ಲದ ಮದುವೆಯಲ್ಲಿ ಆಸ್ತಿ ಇಬ್ಬರದ್ದು.

ವಿಚ್ಛೇದನದ ವಿಷಯ ಇಲ್ಲಿ ಬಿಡಿಸಿ ಹೇಳಲಾರೆ, ಅದೇ ಇನ್ನೊಂದು ಲೇಖನ. ತಿರುಪತಿಯಲ್ಲಿ ಮದುವೆಯಾಗಿ ಅಮೆರಿಕದ ಮಿಸ್ಸೌರಿಯಲ್ಲಿ ಒಬ್ಬರೇ ಪಡೆದ ವಿಚ್ಛೇದನವನ್ನು ನಮ್ಮ ಸುಪ್ರೀಂ ಕೋರ್ಟು 1991ರಲ್ಲಿ ಒಪ್ಪಲಿಲ್ಲ. ಒಂದು ದೇಶದಲ್ಲಿ ಗಂಡ ಹೆಂಡತಿ, ಇನ್ನೊಂದರಲ್ಲಿ ಯಾರೋ ಯಾರೋ. ಡಚ್ಚರು ಇದಕ್ಕೆ ಕುಂಟುವ ಮದುವೆ ಅಂತಾರೆ. ಹೆಸರು ಕ್ರೂರವಾಗಿದೆ, ಆದರೆ ಸರಿಯಾಗಿದೆ.

ನಮ್ಮ ತೋಟಕ್ಕೆ ಮರಳುತ್ತೇನೆ. ಆ ವರ್ಷದ ನವೆಂಬರಿನಲ್ಲಿ ನಾವು ಹ್ಯೂವೆಲಿಕ್ಸೆ ವೋರ್‌ವಾರ್ಡೆನ್ ಮಾಡಿಸಿದೆವು, ಮದುವೆಯ ಷರತ್ತುಗಳ ಒಪ್ಪಂದ. ತವರಿನಿಂದ ಬಂದದ್ದು ಅವಳದು, ನನ್ನಪ್ಪನಿಂದ ಬರುವುದು ನನ್ನದು, ನನ್ನ ವ್ಯಾಪಾರದ ಸಾಲ ನನ್ನದೇ. ಹದಿನಾಲ್ಕು ವರ್ಷ ಸಂಸಾರ ಮಾಡಿ ಷರತ್ತು ಬರೆಸುವಾಗ ಮನಸ್ಸಿಗೆ ಸ್ವಲ್ಪ ಮುಜುಗರವಾಯಿತು ನಿಜ. ನೋಟಾರಿಸ್ ಪೂರ್ತಿ ಪತ್ರವನ್ನು ಓದಿ ಹೇಳುತ್ತಿದ್ದರೆ ಇವಳು ನನ್ನ ಮುಖ ನೋಡಲಿಲ್ಲ. ಹೊರಗೆ ಬಂದು ಸೈಕಲ್ ಬೀಗ ತೆಗೆಯುತ್ತಾ ‘ಅಣ್ಣನಿಗೆ ಇವತ್ತೇ ಫೋನ್ ಮಾಡ್ತೀನಿ’ ಅಂದಳು. ಮಾಡಿದಳು. ಅತ್ತಲಿಂದ ಅಣ್ಣ ಕೇಳಿದ್ದು ಒಂದೇ, ‘ಭಾವನವರು ಬೇಜಾರು ಮಾಡ್ಕೊಂಡ್ರಾ?’

2022ರ ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಫ್ರಾನೇಕರಿಗೆ ಹೋದೆವು. ಹ್ಯೂಬರನ ವಿಶ್ವವಿದ್ಯಾಲಯವನ್ನು 1811ರಲ್ಲಿ ನೆಪೋಲಿಯನ್ ಮುಚ್ಚಿಸಿದ. ಊರಿಗೆ ಜನ ಬರುವುದು ಐಸೆ ಐಸಿಂಗಾ ಎಂಬ ಉಣ್ಣೆ ಹಿಂಜುವವನು ತನ್ನ ಮನೆಯ ಮಾಡಿನಲ್ಲೇ ಕಟ್ಟಿದ ಗ್ರಹಮಂಡಲ ನೋಡಲು. ಮಕ್ಕಳು ಶನಿ ಎಲ್ಲಿದ್ದಾನೆಂದು ಹುಡುಕುತ್ತಿದ್ದಾಗ ನಾನು ಇವಳಿಗೆ ಹ್ಯೂಬರನ ಗಂಡ ಹೆಂಡಿರ ಕಥೆ ಹೇಳಿದೆ. ಕೇಳಿ, ‘ಆ ಹೆಂಗಸಿಗೆ ಯಾರಾದರೂ ರೈಲು ಬರೆದು ತೋರಿಸಿದ್ರಾ?’ ಅಂದಳು.

ನೋಟಾರಿಸ್ ಕೇಳಿದ್ದ ಕಾಗದಗಳಲ್ಲಿ ವಿಜಯನಗರದ ಬಾಡಿಗೆ ಕರಾರು ಪತ್ರವೂ ಇತ್ತು. ಅದೃಷ್ಟಕ್ಕೆ ಅತ್ತೆ ಅದನ್ನು ಮದುವೆ ಆಲ್ಬಮ್ಮಿನ ಜೊತೆ ಎತ್ತಿಟ್ಟಿದ್ದರು. ಸ್ಟಾಂಪ್ ಪೇಪರಿನ ಮೇಲೆ ಮಾಲೀಕರ ಸಹಿ, ನನ್ನ ಸಹಿ, ಎಂಟು ತಿಂಗಳ ಮನೆ. ಆ ಮನೆಯನ್ನು ಕೆಡವಿ ಈಗ ನಾಲ್ಕು ಅಂತಸ್ತಿನ ಕಟ್ಟಡ ಎಬ್ಬಿಸಿದ್ದಾರೆ. ಕರಾರು ಪತ್ರ ನಮ್ಮ ಫೈಲಿನಲ್ಲಿದೆ, ಡಚ್ ಅನುವಾದದ ಸಮೇತ.